ಗಾಡಿ ಓಡಿಸುವಾಗ ಫೋನ್: ಹ್ಯಾಂಡ್ಸ್ ಫ್ರೀ ಸೆಟ್ ಕೊಳ್ಳುವ ಮುನ್ನ ತಿಳಿಯಬೇಕಾದದ್ದು



ಸಂಘದ ಸಭೆಯಲ್ಲಿ ಉಳಿತಾಯ, ಸಾಲ, ಮರುಪಾವತಿ ಲೆಕ್ಕ ಮುಗಿದ ಮೇಲೆ ಮನೆ ಮಾತು ಶುರುವಾಗುತ್ತದೆ. ಆಗ ಪದೇ ಪದೇ ಕೇಳಿಬರುವ ಒಂದು ಪ್ರಶ್ನೆ ಇದು: "ನನ್ನ ಮಗ ಗೂಡ್ಸ್ ಆಟೋ ಓಡಿಸ್ತಾನೆ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಫೋನು. ನೋಡಿದ್ರೆ ಎದೆ ಝಲ್ ಅನ್ನುತ್ತೆ. ಕಿವಿಗೆ ಹಾಕ್ಕೊಳ್ಳೋ ಸೆಟ್ ಒಂದು ತೆಗೆದುಕೊಟ್ರೆ ಆಗುತ್ತಾ? ಯಾವುದು ಒಳ್ಳೇದು?"

ಪ್ರಶ್ನೆ ಸರಿಯಾದದ್ದೇ. ಈಗ ನಮ್ಮ ಮನೆಗಳಲ್ಲಿ ಗಾಡಿ ಇಲ್ಲದ ಮನೆ ಕಡಿಮೆ. ಬೆಸಗರಹಳ್ಳಿ, ಕೊಪ್ಪ, ಮದ್ದೂರು ಕಡೆ ನೋಡಿ: ಡೇರಿಗೆ ಹಾಲು ಹಾಕಲು ಸ್ಕೂಟರ್, ಎಳನೀರು ಮಾರುಕಟ್ಟೆಗೆ ಗೂಡ್ಸ್ ಆಟೋ, ಕಬ್ಬು ಸಾಗಿಸಲು ಟ್ರ್ಯಾಕ್ಟರ್, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳಿಗೆ ವ್ಯಾನು. ಎಷ್ಟೋ ಗಾಡಿಗಳನ್ನು ಸಂಘದ ಸಾಲದಲ್ಲೇ ಕೊಂಡಿದ್ದೇವೆ. ಓಡಿಸುವವರು ನಮ್ಮ ಗಂಡ, ಮಗ, ತಮ್ಮ. ಎಷ್ಟೋ ಕಡೆ ನಾವೇ. ಆದ್ದರಿಂದ ಈ ಪಾಠವನ್ನು ಗಂಡಸರ ವಿಷಯ ಅಂತ ಪಕ್ಕಕ್ಕಿಡಬೇಡಿ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹ್ಯಾಂಡ್ಸ್ ಫ್ರೀ ಸೆಟ್ ಕೈಯನ್ನು ಬಿಡಿಸುತ್ತದೆ, ಮನಸ್ಸನ್ನು ಬಿಡಿಸುವುದಿಲ್ಲ. ಅಪಘಾತ ಆಗುವುದು ಹೆಚ್ಚಾಗಿ ಮನಸ್ಸು ಬೇರೆ ಕಡೆ ಇದ್ದಾಗ. ಆದ್ದರಿಂದ ಸೆಟ್ ಆರಿಸುವುದು ಎರಡನೆಯ ಕೆಲಸ. ಗಾಡಿ ಓಡುವಾಗ ಮಾತೇ ಬೇಡ ಅಂತ ಮನೆಯವರೆಲ್ಲ ಒಪ್ಪಿಕೊಳ್ಳುವುದು ಮೊದಲನೆಯ ಕೆಲಸ. ಯಾಕೆ ಅನ್ನುವುದನ್ನು ಒಂದೊಂದಾಗಿ ನೋಡೋಣ.

ಹ್ಯಾಂಡ್ಸ್ ಫ್ರೀ ಅಂದರೆ ಏನು?

ಫೋನನ್ನು ಕೈಯಲ್ಲಿ ಹಿಡಿಯದೆ ಮಾತಾಡಲು ಇರುವ ಸಾಧನಕ್ಕೆಲ್ಲ ಒಟ್ಟಾಗಿ ಹ್ಯಾಂಡ್ಸ್ ಫ್ರೀ ಅನ್ನುತ್ತಾರೆ. ಅಂಗಡಿಯಲ್ಲಿ ನಾಲ್ಕೈದು ತರಹ ಸಿಗುತ್ತದೆ.

1. ವೈರ್ ಇರುವ ಇಯರ್‌ಫೋನ್. ವೈರಿನ ಮಧ್ಯೆ ಸಣ್ಣ ಮೈಕು, ಒಂದು ಗುಂಡಿ ಇರುತ್ತದೆ.

2. ಒಂದೇ ಕಿವಿಗೆ ಸಿಕ್ಕಿಸುವ ಬ್ಲೂಟೂತ್ ಸೆಟ್. ವೈರ್ ಇಲ್ಲ. ಬ್ಲೂಟೂತ್ ಅಂದರೆ ಹತ್ತಿರದ ಎರಡು ಯಂತ್ರಗಳನ್ನು ರೇಡಿಯೋ ಅಲೆಯ ಮೂಲಕ ಜೋಡಿಸುವ ವಿಧಾನ. ಸಾಮಾನ್ಯ ಸೆಟ್ಟುಗಳಲ್ಲಿ ಇದು ಸುಮಾರು 10 ಮೀಟರ್ ದೂರದವರೆಗೆ ಕೆಲಸ ಮಾಡುತ್ತದೆ.

3. ಎರಡೂ ಕಿವಿಗೆ ಹಾಕುವ ಇಯರ್ ಬಡ್ಸ್, ಕುತ್ತಿಗೆಗೆ ಹಾಕಿಕೊಳ್ಳುವ ನೆಕ್ ಬ್ಯಾಂಡ್. ಈಗ ಹುಡುಗರ ಹತ್ತಿರ ಹೆಚ್ಚಾಗಿ ಇರುವುದು ಇದೇ.

4. ಕಾರು, ವ್ಯಾನುಗಳಿಗೆ ಆಗುವ ಸ್ಪೀಕರ್ ಸೆಟ್. ಕೆಲವು ಗಾಡಿಗಳಲ್ಲಿ ಕಂಪನಿಯೇ ಕೊಟ್ಟಿರುವ ಸ್ಟೀರಿಯೋದಲ್ಲಿ ಬ್ಲೂಟೂತ್ ಇರುತ್ತದೆ, ಗುಂಡಿ ಸ್ಟೀರಿಂಗ್ ಮೇಲೇ ಇರುತ್ತದೆ. ಇಲ್ಲದಿದ್ದರೆ ಡ್ರೈವರ್ ತಲೆ ಮೇಲಿನ ಬಿಸಿಲು ತಡೆಗೆ ಕ್ಲಿಪ್ ಮಾಡುವ ಸ್ಪೀಕರ್ ಸಿಗುತ್ತದೆ.

5. ಹೆಲ್ಮೆಟ್ ಒಳಗೆ ಜೋಡಿಸುವ ಸೆಟ್.

ಇದಲ್ಲದೆ ನಮ್ಮ ಹುಡುಗರು ಕಂಡುಹಿಡಿದ ಆರನೆಯ ತರಹ ಒಂದಿದೆ: ಫೋನನ್ನೇ ಹೆಲ್ಮೆಟ್ ಒಳಗೆ ಕೆನ್ನೆಗೆ ತುರುಕಿಕೊಳ್ಳುವುದು, ಇಲ್ಲವೇ ಭುಜಕ್ಕೂ ಕಿವಿಗೂ ಮಧ್ಯೆ ಒತ್ತಿಕೊಂಡು ಕತ್ತು ಸೊಟ್ಟ ಮಾಡಿಕೊಂಡು ಹೋಗುವುದು. ಇದು ಹ್ಯಾಂಡ್ಸ್ ಫ್ರೀ ಅಲ್ಲ. ಇದರಲ್ಲಿ ಕತ್ತು ತಿರುಗುವುದಿಲ್ಲ, ಪಕ್ಕದ ಕನ್ನಡಿ ಕಾಣುವುದಿಲ್ಲ, ಹೆಲ್ಮೆಟ್ ತಲೆಗೆ ಸರಿಯಾಗಿ ಕೂರುವುದಿಲ್ಲ.

ಕೈಯಲ್ಲಿ ಹಿಡಿಯದಿದ್ದರೆ ಅಪಾಯ ಇಲ್ವಾ?

ಇದು ಇಡೀ ಪಾಠದ ಮುಖ್ಯ ಪ್ರಶ್ನೆ. ಇದಕ್ಕೆ ಜಗತ್ತಿನಲ್ಲಿ ಬಹಳ ಹಿಂದೆಯೇ ಉತ್ತರ ಹುಡುಕಿದ್ದಾರೆ.

1997ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ, ಫೋನ್ ಇಟ್ಟುಕೊಂಡಿದ್ದು ಅಪಘಾತ ಮಾಡಿಕೊಂಡ 699 ಚಾಲಕರ ಫೋನ್ ಬಿಲ್ಲುಗಳನ್ನು ಸಂಶೋಧಕರು ತೆಗೆದು ನೋಡಿದರು. ಅಪಘಾತ ಆದ ಹೊತ್ತಿಗೂ ಕರೆ ಮಾಡಿದ ಹೊತ್ತಿಗೂ ತಾಳೆ ಹಾಕಿದರು. ಫೋನ್ ಬಳಸುವಾಗ ಅಪಘಾತದ ಸಂಭವ ನಾಲ್ಕು ಪಟ್ಟು ಹೆಚ್ಚು ಎಂದು ಗೊತ್ತಾಯಿತು. ಕೈಯಲ್ಲಿ ಹಿಡಿದವರಿಗೂ ಹ್ಯಾಂಡ್ಸ್ ಫ್ರೀ ಬಳಸಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2005ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಅಪಘಾತವಾಗಿ ಆಸ್ಪತ್ರೆಗೆ ಬಂದ 456 ಚಾಲಕರ ಬಗ್ಗೆ ಇದೇ ರೀತಿ ನೋಡಿದಾಗಲೂ ಅದೇ ನಾಲ್ಕು ಪಟ್ಟು, ಅದೇ ಮಾತು. ವಿಶ್ವ ಆರೋಗ್ಯ ಸಂಸ್ಥೆ ಕೂಡ ಹ್ಯಾಂಡ್ಸ್ ಫ್ರೀ ಫೋನು ಕೈಯಲ್ಲಿ ಹಿಡಿಯುವ ಫೋನಿಗಿಂತ ಹೆಚ್ಚೇನೂ ಸುರಕ್ಷಿತವಲ್ಲ ಎಂದೇ ಹೇಳುತ್ತದೆ.

ಯಾಕೆ ಹೀಗೆ? ಕಣ್ಣು ರಸ್ತೆ ಮೇಲೇ ಇರುತ್ತದೆ, ಆದರೆ ಕಂಡದ್ದು ಮನಸ್ಸಿಗೆ ಮುಟ್ಟುವುದಿಲ್ಲ. ಇದು ನಮಗೆ ಹೊಸದಲ್ಲ. ಒಲೆ ಮೇಲೆ ಹಾಲಿಟ್ಟು ಎದುರಿಗೇ ನಿಂತಿರುತ್ತೇವೆ. ಫೋನಲ್ಲಿ ತವರಿನ ಸುದ್ದಿ ಕೇಳುತ್ತಾ ಇರುತ್ತೇವೆ. ಹಾಲು ಉಕ್ಕಿ ಒಲೆ ಆರುವವರೆಗೂ ಗೊತ್ತಾಗುವುದಿಲ್ಲ. ಕಣ್ಣೆದುರೇ ಉಕ್ಕಿತು, ಕಾಣಲಿಲ್ಲ. ಹಾಲು ಉಕ್ಕಿದರೆ ಒರೆಸಿಕೊಳ್ಳಬಹುದು. ರಸ್ತೆಯಲ್ಲಿ ಹಾಗಲ್ಲ.

"ಪಕ್ಕದಲ್ಲಿ ಕೂತವರ ಜೊತೆ ಮಾತಾಡ್ತಾರಲ್ಲ, ಅದಕ್ಕೆ ಯಾರೂ ಏನೂ ಅನ್ನಲ್ವಲ್ಲ?" ಅಂತ ನೀವು ಕೇಳಬಹುದು. ಪಕ್ಕದಲ್ಲಿ ಕೂತವರಿಗೂ ರಸ್ತೆ ಕಾಣುತ್ತದೆ. ಹಸು ಅಡ್ಡ ಬಂದರೆ ಅವರೇ ಮಾತು ನಿಲ್ಲಿಸುತ್ತಾರೆ, "ನೋಡು ನೋಡು" ಅನ್ನುತ್ತಾರೆ. ಫೋನಿನ ಆ ಕಡೆ ಇರುವವರಿಗೆ ಹಸುವೂ ಕಾಣದು, ತಿರುವೂ ಕಾಣದು. ಅವರು ಮಾತಾಡುತ್ತಲೇ ಇರುತ್ತಾರೆ. ಅದರಲ್ಲೂ ಮಾತು ಸಾಲದ ಕಂತಿನದೋ, ಜಗಳದ್ದೋ, ಆಸ್ಪತ್ರೆಯದೋ ಆದರೆ ಓಡಿಸುವವರ ಮನಸ್ಸು ಪೂರ್ತಿ ಅಲ್ಲೇ ಹೋಗುತ್ತದೆ.

ಮೂರು ಸೆಕೆಂಡಿನ ಲೆಕ್ಕ

ನಾವು ಪೈಸೆ ಪೈಸೆ ಲೆಕ್ಕ ಬರೆಯುವವರು. ಇದನ್ನೂ ಲೆಕ್ಕದಲ್ಲೇ ನೋಡೋಣ. ಫೋನ್ ರಿಂಗ್ ಆಯಿತು, ಯಾರು ಅಂತ ನೋಡಿದರು, ಗುಂಡಿ ಒತ್ತಿದರು. ಇದಕ್ಕೆ ಬರೀ ಮೂರು ಸೆಕೆಂಡ್ ಅಂತ ಇಟ್ಟುಕೊಳ್ಳಿ. ಆ ಮೂರು ಸೆಕೆಂಡಿನಲ್ಲಿ ಗಾಡಿ ಎಷ್ಟು ದೂರ ಹೋಗುತ್ತದೆ?

ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ (ಕಬ್ಬಿನ ಟ್ರ್ಯಾಕ್ಟರ್): ಸುಮಾರು 17 ಮೀಟರ್.
ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ (ಸ್ಕೂಟರ್, ಆಟೋ): ಸುಮಾರು 33 ಮೀಟರ್.
ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ (ಬೈಕ್, ವ್ಯಾನ್): 50 ಮೀಟರ್.
ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ (ಹೆದ್ದಾರಿಯಲ್ಲಿ ಕಾರು): ಸುಮಾರು 83 ಮೀಟರ್.

ಇದು ಬರೀ ಫೋನ್ ತೆಗೆಯುವ ಲೆಕ್ಕ. ಬ್ರೇಕ್ ಹಾಕಿದ ಮೇಲೆ ಗಾಡಿ ಜಾರಿಕೊಂಡು ಹೋಗುವ ದೂರ ಇದರಲ್ಲಿ ಸೇರಿಲ್ಲ. ತೆಗೆದ ಮೇಲೆ ಎರಡು ನಿಮಿಷ ಮಾತಾಡಿದರು ಅನ್ನಿ. 40ರ ವೇಗದಲ್ಲಿ ಅದು ಒಂದೂಕಾಲು ಕಿಲೋಮೀಟರಿಗಿಂತ ಹೆಚ್ಚು ದೂರ. ಅಷ್ಟು ದೂರದಲ್ಲಿ ಒಂದು ಶಾಲೆ, ಒಂದು ತಿರುವು, ಒಂದು ಸೇತುವೆ, ನಾಲ್ಕು ಮನೆಯ ಮಕ್ಕಳು ಇರಬಹುದು.

ನಮ್ಮ ರಸ್ತೆಗಳನ್ನು ನೆನಪು ಮಾಡಿಕೊಳ್ಳಿ. ಕಬ್ಬು ಅರೆಯುವ ಕಾಲದಲ್ಲಿ ಕೊಪ್ಪದ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರ್, ಎತ್ತಿನಗಾಡಿಗಳು ಕತ್ತಲಲ್ಲೂ ಸಾಲಾಗಿ ಹೋಗುತ್ತವೆ. ಎಷ್ಟಕ್ಕೋ ಹಿಂದಿನ ದೀಪವೇ ಇರುವುದಿಲ್ಲ. ಎರಡೂ ಕಡೆ ಕಬ್ಬು ಎದೆಮಟ್ಟ ಬೆಳೆದು ತಿರುವು ಕಾಣುವುದಿಲ್ಲ. ಪಕ್ಕದಲ್ಲೇ ನಾಲೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ತೀರಿಕೊಂಡದ್ದು ಮಂಡ್ಯ ಜಿಲ್ಲೆಯವರು ಯಾರೂ ಮರೆತಿಲ್ಲ. ಅದು ಫೋನಿನಿಂದ ಆಯಿತು ಅಂತ ಇಲ್ಲಿ ಹೇಳುತ್ತಿಲ್ಲ. ರಸ್ತೆಗೂ ನೀರಿಗೂ ನಡುವೆ ಇರುವ ಜಾಗ ಎಷ್ಟು ಕಡಿಮೆ ಅನ್ನುವುದಕ್ಕೆ ನೆನಪಿಸಿದೆ. ಗಮನ ತಪ್ಪಿದ ಮೂರು ಸೆಕೆಂಡಿಗೆ ನಮ್ಮ ರಸ್ತೆಯಲ್ಲಿ ಜಾಗ ಇಲ್ಲ.

2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಇದು ಕೇಂದ್ರ ಸರ್ಕಾರದ ರಸ್ತೆ ಸಾರಿಗೆ ಇಲಾಖೆ ಕೊಟ್ಟ ಲೆಕ್ಕ. ಎಲ್ಲ ಕಾರಣವೂ ಸೇರಿ ಇಷ್ಟು. ಅಂದರೆ ದಿನಕ್ಕೆ 460ಕ್ಕೂ ಹೆಚ್ಚು ಮನೆಗಳಲ್ಲಿ ಅಳು.

ಕಿವಿಯೂ ಒಂದು ಕಣ್ಣು

ರಸ್ತೆಯಲ್ಲಿ ಹಿಂದಿನದನ್ನು, ಪಕ್ಕದ್ದನ್ನು ನಮಗೆ ಹೇಳುವುದು ಕಿವಿ. ಹಿಂದೆ ಬರುವ ಬಸ್ಸಿನ ಹಾರ್ನ್, ಆಂಬುಲೆನ್ಸ್ ಸದ್ದು, "ಅಣ್ಣಾ ನಿಲ್ಸು" ಅನ್ನುವ ಕೂಗು, ನಮ್ಮ ಗಾಡಿಯ ಚಕ್ರದಲ್ಲೇ ಬರುವ ಹೊಸ ಸದ್ದು, ಎಲ್ಲ ಕಿವಿಗೆ ಬರಬೇಕು. ಎರಡೂ ಕಿವಿ ಮುಚ್ಚಿಕೊಂಡರೆ ಅರ್ಧ ರಸ್ತೆ ಕತ್ತಲೆ. ಈಗ ಬರುವ ಕೆಲವು ಇಯರ್ ಬಡ್ಸಿನಲ್ಲಿ ಹೊರಗಿನ ಸದ್ದನ್ನು ಬೇಕೆಂದೇ ಅಡಗಿಸುವ ವ್ಯವಸ್ಥೆ ಇರುತ್ತದೆ. ಮನೆಯಲ್ಲಿ ಪಾಠ ಕೇಳಲು ಅದು ಚೆನ್ನ, ರಸ್ತೆಯಲ್ಲಿ ಅದೇ ಅಪಾಯ.

2018ರ ಏಪ್ರಿಲ್ 26ರಂದು ಉತ್ತರ ಪ್ರದೇಶದ ಕುಶಿನಗರ ಜಿಲ್ಲೆಯಲ್ಲಿ, ಕಾವಲು ಗೇಟ್ ಇಲ್ಲದ ರೈಲು ದಾರಿ ದಾಟುವಾಗ ಶಾಲಾ ವ್ಯಾನಿಗೆ ರೈಲು ಬಡಿದು 13 ಮಕ್ಕಳು ಸತ್ತರು. ಚಾಲಕ ಕಿವಿಗೆ ಇಯರ್‌ಫೋನ್ ಹಾಕಿಕೊಂಡಿದ್ದ, ಕೂಗಿದ್ದು ಅವನಿಗೆ ಕೇಳಿಸಲಿಲ್ಲ ಎಂದು ಆಗ ಪತ್ರಿಕೆಗಳಲ್ಲಿ ವರದಿಯಾಯಿತು. ನಮ್ಮ ಮಕ್ಕಳನ್ನು ಶಾಲೆಗೆ ಕರೆದೊಯ್ಯುವ ಆಟೋ, ವ್ಯಾನಿನ ಚಾಲಕರ ಕಿವಿಯನ್ನು ಒಮ್ಮೆ ನೋಡಿ. ಹೇಳುವ ಹಕ್ಕು ತಾಯಂದಿರಿಗೆ ಇದೆ.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರದು. ಅದಕ್ಕೆ 2019ರಲ್ಲಿ ತಿದ್ದುಪಡಿ ಆಗಿ, ಆ ವರ್ಷ ಸೆಪ್ಟೆಂಬರ್ 1ರಿಂದ ಹೊಸ ಶಿಕ್ಷೆಗಳು ಜಾರಿಗೆ ಬಂದವು. ನಾವು ತಿಳಿದಿರಬೇಕಾದದ್ದು ಇಷ್ಟು:

• 184ನೇ ಸೆಕ್ಷನ್ ಅಪಾಯಕಾರಿ ಚಾಲನೆಗೆ ಸಂಬಂಧಿಸಿದ್ದು. ಗಾಡಿ ಓಡಿಸುವಾಗ ಕೈಯಲ್ಲಿ ಫೋನ್ ಹಿಡಿದು ಬಳಸುವುದು ಈಗ ಇದರಲ್ಲಿ ಸೇರಿದೆ.

• ಮೊದಲ ಸಲಕ್ಕೆ 6 ತಿಂಗಳಿಂದ 1 ವರ್ಷದವರೆಗೆ ಸಜೆ, ಇಲ್ಲವೇ 1,000ದಿಂದ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಮೂರು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ 2 ವರ್ಷದವರೆಗೆ ಸಜೆ, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಕೋರ್ಟಿಗೆ ಹೋಗದೆ ಕಟ್ಟುವ ದಂಡದ ಮೊತ್ತವನ್ನು ರಾಜ್ಯ ಸರ್ಕಾರ ಬೇರೆಯಾಗಿ ನಿಗದಿ ಮಾಡುತ್ತದೆ.

• 2020ರ ಅಕ್ಟೋಬರ್ 1ರಿಂದ ಜಾರಿಯಾದ ನಿಯಮದ ಪ್ರಕಾರ, ಓಡಿಸುವಾಗ ಇಂಥ ಸಾಧನವನ್ನು ದಾರಿ ನೋಡಿಕೊಳ್ಳಲು ಮಾತ್ರ ಬಳಸಬಹುದು. ಅದೂ ಚಾಲಕರ ಗಮನ ಕೆಡದ ಹಾಗೆ.

• ಲೈಸೆನ್ಸ್ ಅಮಾನತು ಮಾಡಲು ಕಾರಣವಾಗುವ ತಪ್ಪುಗಳ ಪಟ್ಟಿ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿದೆ. ಅದರಲ್ಲಿ ಗಾಡಿ ಓಡಿಸುವಾಗ ಮೊಬೈಲ್ ಬಳಸುವುದೂ ಒಂದು. ಗಾಡಿಯಿಂದಲೇ ಹೊಟ್ಟೆ ಹೊರೆಯುವ ಮನೆಗೆ ಲೈಸೆನ್ಸ್ ಹೋದರೆ ದಂಡಕ್ಕಿಂತ ದೊಡ್ಡ ಪೆಟ್ಟು.

"ಹಾಗಾದ್ರೆ ಕೈಯಲ್ಲಿ ಹಿಡೀದಿದ್ರೆ ಕಾನೂನು ಬಿಡುತ್ತೆ ತಾನೆ?" ಅಂತ ಹುಡುಗರು ವಾದ ಮಾಡುತ್ತಾರೆ. ಹಾಗೆ ತಿಳಿಯಬೇಡಿ. ಜನರಿಗೆ ಅಪಾಯ ಆಗುವ ರೀತಿಯಲ್ಲಿ ಓಡಿಸುವುದು ಯಾವ ರೀತಿಯದಾದರೂ ಅದೇ 184ನೇ ಸೆಕ್ಷನ್ನಿಗೆ ಬರುತ್ತದೆ. ಇನ್ನೊಂದು ಮಾತು: ಅಪಘಾತ ಆಗಿ ಪರಿಹಾರದ ಕೇಸು ನಡೆಯುವಾಗ ನಮ್ಮವರದೂ ಅಜಾಗರೂಕತೆ ಇತ್ತು ಎಂದು ಸಾಬೀತಾದರೆ, ಬರಬೇಕಾದ ಪರಿಹಾರದಲ್ಲಿ ಒಂದು ಪಾಲು ಕಡಿಮೆ ಆಗಬಹುದು. ಆಗ ಹೆಂಡತಿ, ಮಕ್ಕಳಿಗೆ ನಷ್ಟ.

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ವೇ ಮದ್ದೂರಿನ ಪಕ್ಕದಲ್ಲೇ ಹೋಗುತ್ತದೆ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕ್, ಸ್ಕೂಟರ್, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ; ನಾವು ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಸರ್ವಿಸ್ ರಸ್ತೆಯಲ್ಲಿ ಎದುರಿನಿಂದ ಗಾಡಿ, ಪಕ್ಕದ ಹಳ್ಳಿ ರಸ್ತೆಯಿಂದ ಗಾಡಿ, ಬಸ್ಸಿಗೆ ಕಾಯುವ ಜನ, ಎಲ್ಲ ಒಟ್ಟಿಗೆ. ಅಲ್ಲಿ ಫೋನಿಗೆ ಜಾಗವೇ ಇಲ್ಲ.

ಯಾವ ಗಾಡಿಗೆ ಏನು?

ಈಗ ಆಯ್ಕೆಯ ಮಾತಿಗೆ ಬರೋಣ. ಎಲ್ಲ ಗಾಡಿಗೂ ಒಂದೇ ಉತ್ತರ ಇಲ್ಲ.

ಸ್ಕೂಟರ್, ಬೈಕ್: ಯಾವ ಸೆಟ್ಟೂ ಬೇಡ. ಎರಡು ಚಕ್ರದ ಗಾಡಿಯಲ್ಲಿ ಸಮತೋಲನವೂ ನಮ್ಮದೇ ಕೆಲಸ. ಒಂದು ಗುಂಡಿ, ಒಂದು ಕಲ್ಲು, ಚೆಲ್ಲಿದ ಮರಳು ಸಾಕು. ಗಾಳಿ ಸದ್ದಿಗೆ ಮಾತು ಸರಿಯಾಗಿ ಕೇಳಿಸದೆ "ಹಲೋ, ಹಲೋ" ಅನ್ನುವುದರಲ್ಲೇ ಗಮನ ಹೋಗುತ್ತದೆ. ವೈರ್ ಹ್ಯಾಂಡಲಿಗೋ ಸೆರಗಿಗೋ ಸಿಕ್ಕಿಕೊಳ್ಳುತ್ತದೆ. ಬಿದ್ದಾಗ ಹೆಲ್ಮೆಟ್ ಒಳಗಿರುವ ಗಟ್ಟಿ ವಸ್ತು ಕಿವಿಗೆ, ಕೆನ್ನೆಗೆ ಒತ್ತುತ್ತದೆ. ಸೆಟ್ಟಿಗೆ ಎತ್ತಿಟ್ಟ ದುಡ್ಡಿನಲ್ಲಿ ಐಎಸ್‌ಐ ಗುರುತಿನ ಹೆಲ್ಮೆಟ್ ಕೊಳ್ಳಿ, ಹಿಂದೆ ಕೂರುವವರಿಗೂ ಒಂದು ಕೊಳ್ಳಿ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವುದೇ ತಪ್ಪು. ಫೋನನ್ನು ಬ್ಯಾಗಿನಲ್ಲೋ ಡಿಕ್ಕಿಯಲ್ಲೋ ಹಾಕಿ ಹೊರಡಿ.

ಟ್ರ್ಯಾಕ್ಟರ್: ಇದಕ್ಕೂ ಬೇಡ. ಎಂಜಿನ್ ಸದ್ದಿನಲ್ಲಿ ಸ್ಪೀಕರ್ ಕೇಳಿಸುವುದಿಲ್ಲ. ಕೇಳಿಸಲಿ ಅಂತ ಎರಡು ಕಿವಿಗೂ ಇಯರ್‌ಫೋನ್ ಹಾಕಿದರೆ ಹಿಂದಿನ ಟ್ರೈಲರ್ ಹತ್ತಿರ ಮಕ್ಕಳು ಕೂಗಿದರೂ ಗೊತ್ತಾಗುವುದಿಲ್ಲ.

ಆಟೋ, ಗೂಡ್ಸ್ ಆಟೋ: ಬಾಡಿಗೆ ಬರುವುದೇ ಫೋನಿನಲ್ಲಿ, ಪೂರ್ತಿ ಆಫ್ ಮಾಡಲು ಆಗುವುದಿಲ್ಲ, ಅದು ನಿಜ. ಇಂಥವರು ಫೋನನ್ನು ಗಟ್ಟಿಯಾದ ಹೋಲ್ಡರಿನಲ್ಲಿ ಇಡಲಿ. ರಿಂಗ್ ಆದರೆ ಎಡಕ್ಕೆ ಗಾಡಿ ನಿಲ್ಲಿಸಿ ಮಾತಾಡಲಿ. ಗಿರಾಕಿಗಳಿಗೂ ಮೊದಲೇ ಹೇಳಿಡಲಿ: "ತೆಗೀಲಿಲ್ಲ ಅಂದ್ರೆ ಓಡಿಸ್ತಿದ್ದೀನಿ ಅಂತ ತಿಳ್ಕೊಳ್ಳಿ, ಐದು ನಿಮಿಷದಲ್ಲಿ ನಾನೇ ಮಾಡ್ತೀನಿ." ಸೆಟ್ ಬೇಕೇ ಬೇಕು ಅಂದರೆ ಒಂದೇ ಕಿವಿಯದು. ಅದರಲ್ಲಿ "ನಿಲ್ಲಿಸಿ ಮಾಡ್ತೀನಿ" ಅನ್ನುವ ಒಂದೇ ಮಾತು.

ಕಾರು, ವ್ಯಾನು: ಗಾಡಿಯಲ್ಲೇ ಬ್ಲೂಟೂತ್ ಸ್ಟೀರಿಯೋ ಇದ್ದರೆ ಬೇರೆ ಯಾವುದೂ ಕೊಳ್ಳಬೇಡಿ. ಗುಂಡಿ ಸ್ಟೀರಿಂಗ್ ಮೇಲಿರುತ್ತದೆ, ಎರಡೂ ಕಿವಿ ತೆರೆದಿರುತ್ತವೆ. ಇಲ್ಲದಿದ್ದರೆ ತಲೆ ಮೇಲೆ ಕ್ಲಿಪ್ ಮಾಡುವ ಸ್ಪೀಕರ್. ಕಿವಿಗೆ ಹಾಕುವುದು ಕೊನೆಯ ಆಯ್ಕೆ. ಶಾಲಾ ಮಕ್ಕಳನ್ನೋ ಗಾರ್ಮೆಂಟ್ಸಿನ ಹೆಣ್ಣುಮಕ್ಕಳನ್ನೋ ಕೂರಿಸಿಕೊಂಡ ವ್ಯಾನಿನಲ್ಲಿ ಮಾತ್ರ ಇವ್ಯಾವುದೂ ಬೇಡ. ಅಷ್ಟು ಜನರ ಜೀವ ಒಬ್ಬರ ಗಮನದಲ್ಲಿ ಇರುತ್ತದೆ.

ಅಂಗಡಿಯಲ್ಲಿ ನೋಡಬೇಕಾದದ್ದು

ಕಾರಿಗೋ ವ್ಯಾನಿಗೋ ಕೊಳ್ಳುವುದೇ ಆದರೆ ಈ ಅಂಶಗಳನ್ನು ಗಮನಿಸಿ.

1. ಕರೆ ತೆಗೆಯಲು, ಕಟ್ ಮಾಡಲು ಒಂದೇ ದೊಡ್ಡ ಗುಂಡಿ ಇರಲಿ. ನೋಡದೆ, ಬೆರಳಿನಲ್ಲೇ ಸಿಗಬೇಕು. ಸಾಲು ಸಾಲು ಸಣ್ಣ ಗುಂಡಿ ಇದ್ದರೆ ಬೇಡ.

2. ಕರೆ ತಾನಾಗಿಯೇ ತೆಗೆದುಕೊಳ್ಳುವ ಸೌಲಭ್ಯ ಇದ್ದರೆ ಅದನ್ನು ಆಫ್ ಮಾಡಿಸಿ. ತಿರುವಿನಲ್ಲಿ, ಸೇತುವೆ ಮೇಲೆ ಇರುವಾಗ ಹೇಳದೆ ಕೇಳದೆ ಮಾತು ಶುರುವಾಗಬಾರದು.

3. ನಿಮ್ಮ ಫೋನಿಗೇ ಜೋಡಿಸಿ, ಅಂಗಡಿಯಲ್ಲೇ ಒಂದು ಕರೆ ಮಾಡಿ ನೋಡಿ. ಆಚೆ ಬಂದು ರಸ್ತೆ ಸದ್ದಿನಲ್ಲೂ ಪರೀಕ್ಷಿಸಿ. ಆ ಕಡೆಯವರಿಗೆ ಸರಿಯಾಗಿ ಕೇಳಿಸಿತಾ ಅಂತ ಕೇಳಿ.

4. ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಗಂಟೆ ಬರುತ್ತದೆ, ಗಾಡಿಯಲ್ಲೇ ಚಾರ್ಜ್ ಆಗುತ್ತದಾ ಕೇಳಿ. ಚಾರ್ಜ್ ವೈರ್ ಗೇರಿಗೆ, ಸ್ಟೀರಿಂಗಿಗೆ ಅಡ್ಡ ಬರಬಾರದು.

5. ಹೋಲ್ಡರ್ ಕೊಳ್ಳುವಾಗ ಹಿಡಿತ ಗಟ್ಟಿ ಇದೆಯಾ ನೋಡಿ. ಎದುರಿನ ಗಾಜಿನಲ್ಲಿ ರಸ್ತೆ ಮರೆಯಾಗುವ ಜಾಗದಲ್ಲಿ ಕೂರಿಸಬೇಡಿ. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಏರ್‌ಬ್ಯಾಗ್ ಮುಚ್ಚಳದ ಮೇಲೆ ಅಂಟಿಸಬೇಡಿ.

6. ಡಬ್ಬಿಯ ಮೇಲೆ ತಯಾರಕರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ, ಬಿಐಎಸ್ ಗುರುತು ಇದೆಯಾ ನೋಡಿ. ಹೆಸರಿಲ್ಲದ ಅಗ್ಗದ ಸೆಟ್ಟುಗಳ ಬ್ಯಾಟರಿ ಬಿಸಿಯಾಗಬಹುದು, ಉಬ್ಬಬಹುದು.

7. ಬಿಲ್ ಕೇಳಿ ಪಡೆಯಿರಿ. ವಾರಂಟಿ ಕಾರ್ಡಿಗೆ ಅಂಗಡಿಯ ಸೀಲ್, ತಾರೀಖು ಹಾಕಿಸಿ. ಸಾಮಾನು ಕೆಟ್ಟು ಅಂಗಡಿಯವರು ಕೈಕೊಟ್ಟರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಿಲ್ ಇಲ್ಲದಿದ್ದರೆ ನಮ್ಮ ಮಾತಿಗೆ ಬಲ ಇಲ್ಲ.

8. ಹೆಚ್ಚು ಬೆಲೆಯದು ಹೆಚ್ಚು ಸುರಕ್ಷಿತ ಅಂತ ತಿಳಿಯಬೇಡಿ. ಬೆಲೆ ಹೆಚ್ಚಾದರೆ ಮಾತು ಸ್ಪಷ್ಟವಾಗಿ ಕೇಳಿಸಬಹುದು, ಅಷ್ಟೇ. ಗಮನವನ್ನು ಯಾವ ಕಂಪನಿಯೂ ಡಬ್ಬಿಯಲ್ಲಿ ಹಾಕಿ ಮಾರುವುದಿಲ್ಲ.

ದುಡ್ಡಿಲ್ಲದೆ ಆಗುವ ಒಂದು ಉಪಾಯವೂ ಇದೆ. ಈಗಿನ ಹಲವು ಫೋನುಗಳಲ್ಲಿ ಗಾಡಿ ಓಡಿಸುವಾಗ ಕರೆ, ಮೆಸೇಜಿನ ಸದ್ದು ಬರದ ಹಾಗೆ ಮಾಡುವ ಸೆಟ್ಟಿಂಗ್ ಇರುತ್ತದೆ. ಕೆಲವು ಫೋನು ತಾನೇ "ಗಾಡಿ ಓಡಿಸ್ತಿದ್ದೇನೆ, ಆಮೇಲೆ ಮಾಡ್ತೇನೆ" ಅನ್ನುವ ಉತ್ತರ ಕಳಿಸುತ್ತದೆ. ಮನೆಯಲ್ಲಿ ಓದಿದ ಮಕ್ಕಳಿಗೆ ಹೇಳಿದರೆ ಎರಡು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಕರೆ ಮಾಡುವವರು ಯಾರು?

ಈಗ ನಮ್ಮ ಪಾಲಿನ ಮಾತು. ಓಡಿಸುವವರನ್ನು ಬೈಯುವುದು ಸುಲಭ. ಆದರೆ ಒಂದು ದಿನ ನಿಮ್ಮ ಮನೆಯವರ ಫೋನ್ ತೆಗೆದು ನೋಡಿ: ಅವರು ರಸ್ತೆಯಲ್ಲಿ ಇದ್ದ ಹೊತ್ತಿನಲ್ಲಿ ಬಂದ ಕರೆಗಳಲ್ಲಿ ಮನೆಯಿಂದ ಹೋದದ್ದು ಎಷ್ಟು? "ಎಲ್ಲಿದ್ದೀಯಾ?" "ಬರ್ತಾ ಕೊತ್ತಂಬರಿ ಸೊಪ್ಪು ತಗೊಂಡು ಬಾ." "ಇನ್ನೂ ಎಷ್ಟೊತ್ತು?" ಪ್ರೀತಿಯಿಂದಲೇ ಮಾಡುತ್ತೇವೆ, ಕಾಳಜಿಯಿಂದಲೇ ಮಾಡುತ್ತೇವೆ. ತೆಗೆಯಲಿಲ್ಲ ಅಂದರೆ ಗಾಬರಿಯಾಗಿ ಮತ್ತೆ ಮತ್ತೆ ಮಾಡುತ್ತೇವೆ. ಆ ಕಡೆ ಓಡಿಸುವವರಿಗೆ ಜೇಬಿನಲ್ಲಿ ಫೋನ್ ನಡುಗುತ್ತಲೇ ಇರುತ್ತದೆ. ಕೊನೆಗೆ ತೆಗೆದೇ ತೆಗೆಯುತ್ತಾರೆ.

ಸಂಘವೂ ಇದರಿಂದ ಹೊರಗಿಲ್ಲ. ಸಭೆ ಶುರುವಾಗುವ ಹೊತ್ತಿಗೆ ಬಾರದ ಸದಸ್ಯೆಗೆ ನಾಲ್ಕು ಜನ ಫೋನ್ ಮಾಡುತ್ತಾರೆ. ಅವಳು ಸ್ಕೂಟರಿನಲ್ಲಿ ನಮ್ಮ ಕಡೆಗೇ ಬರುತ್ತಾ ಇರುತ್ತಾಳೆ. ಬ್ಯಾಂಕಿಗೆ ಹಣ ಕಟ್ಟಲು ಹೋದ ಪ್ರತಿನಿಧಿಗೂ ಹೀಗೇ.

ಇದಕ್ಕೆ ಮನೆಯಲ್ಲಿ, ಸಂಘದಲ್ಲಿ ಈ ರೂಢಿ ಮಾಡಿಕೊಳ್ಳಬಹುದು:

• ಹೊರಡುವಾಗ ಒಂದು ಮಾತು, ತಲುಪಿದ ಮೇಲೆ ಒಂದು ಮಿಸ್ ಕಾಲ್. ನಡುವೆ ಕರೆ ಇಲ್ಲ. ಮಿಸ್ ಕಾಲಿಗೆ ಖರ್ಚೂ ಇಲ್ಲ.

• ತರಬೇಕಾದ ಸಾಮಾನಿನ ಪಟ್ಟಿ ಹೊರಡುವ ಮುಂಚೆಯೇ ಕೊಡುವುದು.

• ಕರೆ ಮಾಡಿದರೆ ಮೊದಲ ಮಾತು "ಗಾಡೀಲಿದ್ದೀಯಾ?" ಹೌದು ಅಂದರೆ ಮುಂದಿನ ಮಾತು "ಆಮೇಲೆ ಮಾಡು," ಅಷ್ಟೇ, ಇಟ್ಟುಬಿಡುವುದು.

• ನಿಜವಾಗಿ ತುರ್ತು ಇದ್ದರೆ ಬೆನ್ನು ಬೆನ್ನಿಗೆ ಮೂರು ಸಲ ಕರೆ. ಮೂರು ಸಲ ರಿಂಗ್ ಆದರೆ ಓಡಿಸುವವರು ಗಾಡಿ ನಿಲ್ಲಿಸಿ ಮಾತಾಡುವುದು. ಕೊತ್ತಂಬರಿ ಸೊಪ್ಪಿಗೆ ಮೂರು ಸಲ ಮಾಡಬಾರದು!

• ನಿಲ್ಲಿಸುವುದು ಅಂದರೆ ರಸ್ತೆ ಮಧ್ಯೆ ಅಲ್ಲ. ಇಂಡಿಕೇಟರ್ ಹಾಕಿ, ಎಡಕ್ಕೆ, ಡಾಂಬರಿನಿಂದ ಕೆಳಗೆ. ತಿರುವಿನಲ್ಲಿ, ಸೇತುವೆ ಮೇಲೆ, ನಾಲೆ ಏರಿ ಮೇಲೆ ನಿಲ್ಲಿಸಬಾರದು. ಎಕ್ಸ್‌ಪ್ರೆಸ್ ವೇಯಲ್ಲಿ ಕಾರು ಓಡಿಸುವವರು ಗಾಡಿ ನಿಲ್ಲಿಸಲೆಂದೇ ಇರುವ ಜಾಗ ಬರುವವರೆಗೆ ಕಾಯಬೇಕು.

• ಯಾರಾದರೂ ತೆಗೆಯಲಿಲ್ಲ ಅಂದರೆ ಕೋಪ ಬೇಡ. "ತೆಗೀಲಿಲ್ಲ, ಹುಷಾರಾಗಿ ಓಡಿಸ್ತಿದ್ದಾನೆ" ಅಂತ ಸಮಾಧಾನ ಪಡೋಣ.

ಅಪಘಾತ ಕಣ್ಣಿಗೆ ಬಿದ್ದರೆ ಫೋನಿನ ಸರಿಯಾದ ಕೆಲಸ ಆಗ ಇದೆ: ಆಂಬುಲೆನ್ಸಿಗೆ 108, ಪೊಲೀಸ್ ಮತ್ತು ಎಲ್ಲ ತುರ್ತಿಗೆ 112. ಗಾಯಾಳುಗಳಿಗೆ ಸಹಾಯ ಮಾಡಿದವರಿಗೆ 2019ರ ತಿದ್ದುಪಡಿಯ 134ಎ ಸೆಕ್ಷನ್ ರಕ್ಷಣೆ ಕೊಡುತ್ತದೆ. ನಮ್ಮ ಹೆಸರು, ವಿಳಾಸ ಕೊಡಲೇಬೇಕು ಅಂತ ಒತ್ತಾಯ ಮಾಡುವಂತಿಲ್ಲ. ಹೆದರದೆ ಮುಂದೆ ಹೋಗಿ.

ಸಭೆಯಲ್ಲಿ ಮಾಡಿ ನೋಡಿ

ಒಂದು ಮೊರದಲ್ಲಿ ಅಕ್ಕಿ ಹಾಕಿ, ಅದಕ್ಕೆ 20 ಸಣ್ಣ ಕಲ್ಲು ಬೆರೆಸಿ. ಒಬ್ಬ ಸದಸ್ಯೆ ಒಂದು ನಿಮಿಷದಲ್ಲಿ ಎಷ್ಟು ಕಲ್ಲು ಆರಿಸುತ್ತಾಳೆ ಬರೆದುಕೊಳ್ಳಿ. ಕಲ್ಲನ್ನು ಮತ್ತೆ ಬೆರೆಸಿ, ಅವಳಿಗೇ ಕೊಡಿ. ಈ ಸಲ ಅವಳ ಬೆನ್ನ ಹಿಂದೆ ಕೂತು ಇನ್ನೊಬ್ಬರು ಪ್ರಶ್ನೆ ಕೇಳುತ್ತಾ ಇರಲಿ: "ಹೋದ ತಿಂಗಳ ಬಡ್ಡಿ ಎಷ್ಟು? ಹದಿನೇಳು ಜನ ಐವತ್ತು ರೂಪಾಯಿ ಹಾಕಿದ್ರೆ ಎಷ್ಟಾಯ್ತು? ನಿಮ್ಮತ್ತೆ ಯಾವಾಗ ಬರ್ತಾರೆ?" ಅವಳು ಉತ್ತರ ಹೇಳುತ್ತಲೇ ಕಲ್ಲು ಆರಿಸಬೇಕು. ಒಂದು ನಿಮಿಷ ಆದ ಮೇಲೆ ಎಣಿಸಿ. ಎರಡೂ ಕೈ ಬಿಡುವಾಗಿದ್ದವು, ಕಣ್ಣು ಮೊರದ ಮೇಲೇ ಇತ್ತು. ಹಾಗಾದರೆ ಎರಡನೆಯ ಸಲ ಕಲ್ಲು ಎಷ್ಟು ಉಳಿಯಿತು, ಯಾಕೆ? ಎಲ್ಲರೂ ಮಾತಾಡಿ. ಅಕ್ಕಿಯಲ್ಲಿ ಉಳಿದ ಕಲ್ಲು ಹಲ್ಲಿಗೆ ಸಿಗುತ್ತದೆ. ರಸ್ತೆಯಲ್ಲಿ ಕಾಣದೆ ಉಳಿಯುವುದು ಕಲ್ಲಲ್ಲ, ಯಾರದೋ ಮಗು.

ಚರ್ಚೆಗೆ ಪ್ರಶ್ನೆಗಳು

1. ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ಗಾಡಿ ಓಡಿಸುವವರು ಎಷ್ಟು ಜನ? ಅವರಲ್ಲಿ ಓಡಿಸುತ್ತಾ ಫೋನ್ ತೆಗೆಯುವವರು ಎಷ್ಟು?

2. ಹೋದ ವಾರ ನಾವು ಗಾಡಿಯಲ್ಲಿದ್ದವರಿಗೆ ಎಷ್ಟು ಸಲ ಕರೆ ಮಾಡಿದೆವು? ಅದರಲ್ಲಿ ಕಾಯಲು ಆಗದೇ ಇದ್ದದ್ದು ಎಷ್ಟು?

3. ಮಕ್ಕಳ ಶಾಲಾ ಆಟೋ, ವ್ಯಾನಿನ ಚಾಲಕರ ಜೊತೆ ಈ ವಿಷಯ ಯಾರು, ಯಾವಾಗ ಮಾತಾಡುವುದು?

4. ಗಾಡಿ ಕೊಳ್ಳಲು ಸಾಲ ಕೇಳಿದ ಸದಸ್ಯೆಗೆ ಹೆಲ್ಮೆಟ್, ವಿಮೆ, ಲೈಸೆನ್ಸ್ ಜೊತೆಗೆ "ಓಡಿಸುವಾಗ ಫೋನ್ ಇಲ್ಲ" ಎಂಬ ಮಾತನ್ನೂ ಸಂಘ ಕೇಳಬಹುದಾ?

ಚರ್ಚೆ ಮುಗಿದ ಮೇಲೆ ಒಪ್ಪಿಕೊಂಡದ್ದನ್ನು ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಒಂದೇ ಸಾಲು ಸಾಕು: ಗಾಡಿಯಲ್ಲಿ ಇರುವವರಿಗೆ ನಾವು ಕರೆ ಮಾಡುವುದಿಲ್ಲ, ಗಾಡಿಯಲ್ಲಿ ಇರುವಾಗ ನಾವು ಕರೆ ತೆಗೆಯುವುದಿಲ್ಲ. ಮುಂದಿನ ತಿಂಗಳ ಸಭೆಯಲ್ಲಿ, ಕಂತಿನ ಲೆಕ್ಕ ಕೇಳುವ ಹಾಗೆಯೇ, ಇದರ ಲೆಕ್ಕವನ್ನೂ ಕೇಳಿ.